ಆಚಾರಿ ಬೇಕಾದ ಕಾರು

ಹಳೆಯ ಮಾರಿಸ್ ಮೈನರ್ ಟ್ರಾವೆಲರ್ ಕೊಳ್ಳಲು ಹೋದ ಅನುಭವಸ್ಥರು ಬಾನೆಟ್ ಎತ್ತುವುದಕ್ಕೂ ಮುಂಚೆ ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆಯುತ್ತಾರೆ. ಹಿಂಬದಿಯ ಕಿಟಕಿಯ ಕೆಳಗಿನ ಮರದ ಪಟ್ಟಿಗೆ ಅದರ ಮೊನೆ ಒತ್ತಿ ನೋಡುತ್ತಾರೆ. ಗಟ್ಟಿಯಾಗಿ ನಿಂತರೆ ಸರಿ. ಚಹಾದಲ್ಲಿ ನೆನೆದ ರಸ್ಕಿಗೆ ಚಮಚ ಇಳಿದಂತೆ ಇಳಿದರೆ ಬೆಲೆಯ ಮಾತೇ ಬೇರೆ.

ನಮ್ಮ ಅಂಬಾಸಡರ್ ಹುಟ್ಟಿದ್ದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ. ಅದೇ ಮನೆತನದ ಪುಟ್ಟ ಕುಡಿ ಮೈನರ್. ಭಾರತದಲ್ಲಿ ‘ಬೇಬಿ ಹಿಂದುಸ್ಥಾನ್’ ಎಂಬ ಹೆಸರಿನಲ್ಲಿ ಓಡಾಡಿತ್ತು. ಅಲೆಕ್ ಇಸಿಗೊನಿಸ್ ರೂಪಿಸಿದ ಈ ಕಾರು 1948ರಲ್ಲಿ ಬಂದಾಗ ಕಂಪನಿಯ ಒಡೆಯ ಲಾರ್ಡ್ ನಫೀಲ್ಡ್‌ಗೆ ಸ್ವಲ್ಪವೂ ಹಿಡಿಸಲಿಲ್ಲ. ಬೇಯಿಸಿದ ಮೊಟ್ಟೆಯ ಹಾಗಿದೆ ಎಂದರಂತೆ. ಆ ಮೊಟ್ಟೆ 16 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಅದರ ಎಸ್ಟೇಟ್ (ಹಿಂದೆ ಸಾಮಾನಿಗೆ ಜಾಗವಿರುವ) ಮಾದರಿಯೇ 1953ರಿಂದ 1971ರವರೆಗೆ ಬಂದ ಟ್ರಾವೆಲರ್: ಮುಂದಿನರ್ಧ ಉಕ್ಕಿನ ಕಾರು, ಹಿಂದಿನರ್ಧ ಆಶ್ ಮರದ ಚೌಕಟ್ಟು, ಅದರ ನಡುನಡುವೆ ಅಲ್ಯುಮಿನಿಯಂ ತಗಡು.

ಆ ಮರ ಚೆಂದಕ್ಕೆ ಹಾಕಿದ್ದಲ್ಲ. ಮುಂದೆ ಬಂದ ಮಿನಿ ಕಾರಿನ ಎಸ್ಟೇಟಿನ ಮೈಮೇಲೂ ಮರದ ಪಟ್ಟಿಗಳಿದ್ದವು. ಅವು ಬರೀ ಅಂಟಿಸಿದ ಒಡವೆ. ಮೈನರಿನದು ಎಲುಬು. ಚಾವಣಿ, ಗಾಜು, ಹಿಂಬಾಗಿಲು ಎಲ್ಲ ಅದರ ಮೇಲೇ ನಿಂತಿವೆ. ಹಾಗಾಗಿಯೇ ಬ್ರಿಟನ್ನಿನ ವಾರ್ಷಿಕ ವಾಹನ ಪರೀಕ್ಷೆಯಲ್ಲಿ ಮರ ಕುಂಬಾಗಿದ್ದರೆ ಕಾರು ನಪಾಸು. 2018ರಿಂದ 40 ವರ್ಷ ದಾಟಿದ ಬಹುಪಾಲು ಕಾರುಗಳಿಗೆ ಈ ಪರೀಕ್ಷೆಯಿಂದ ವಿನಾಯಿತಿ ಇದೆ, ಕುಂಬಿಗೆ ಆ ಕಾನೂನು ಗೊತ್ತಿಲ್ಲ.

ಕ್ರಿಕೆಟ್ ಸ್ಟಂಪಿಗೂ ಸುತ್ತಿಗೆಯ ಹಿಡಿಗೂ ಬಳಸುವ ಮರವೇ ಆಶ್. ಪೆಟ್ಟು ತಾಳುತ್ತದೆ, ಬಳುಕುತ್ತದೆ. ಆದರೆ ತೇಗದಂತೆ ಎಣ್ಣೆಯಂಶ ಇಲ್ಲದ್ದರಿಂದ ನೀರಿನೆದುರು ಬಡಪಾಯಿ. ಮರದ ತೇವ ಶೇ 20 ದಾಟಿ ಹಾಗೇ ನಿಂತರೆ ಶಿಲೀಂಧ್ರ ಕೆಲಸ ಶುರು ಮಾಡುತ್ತದೆ. ಟ್ರಾವೆಲರ್‌ನಲ್ಲಿ ನೀರು ನಿಲ್ಲುವ ಜಾಗವೂ ನಿಗದಿಯಾದದ್ದೇ: ಪಕ್ಕದ ಗಾಜು ಜಾರುವ ತೋಡು. ಅದರೊಳಗಿನ ಉಣ್ಣೆಪಟ್ಟಿ ಮಳೆನೀರು ಕುಡಿದು ಹಸಿಯಾಗಿಯೇ ಇರುತ್ತದೆ. ಅಲ್ಲಿ ಹಸಿರು ಪಾಚಿ ಬೆಳೆಸಿಕೊಂಡೇ ಓಡುವ ಕಾರುಗಳುಂಟು. ಮೊದಲು ಸಂದುಗಳು ಕಪ್ಪಾಗುತ್ತವೆ, ಆಮೇಲೆ ವಾರ್ನಿಷ್ ಏಳುತ್ತದೆ. ಪುಟ್ಟಿ ಮೆತ್ತಿ ಕಂದು ಬಣ್ಣ ಬಳಿದು ಮಾರುವವರು ಎಲ್ಲ ದೇಶದಲ್ಲೂ ಇದ್ದಾರೆ ಬಿಡಿ.

ದುರಸ್ತಿಯಲ್ಲಿ ಉಳಿಗಿಂತ ತಾಳ್ಮೆಗೇ ಹೆಚ್ಚು ಕೆಲಸ. ಚಾವಣಿಗೆ ಊರುಗೋಲು ಕೊಟ್ಟು, ಒಂದು ಪಕ್ಕ ಮುಗಿಯುವತನಕ ಇನ್ನೊಂದನ್ನು ಮುಟ್ಟದಿದ್ದರೆ ಆಕಾರ ಕೆಡುವುದಿಲ್ಲ. ತುಕ್ಕು ಹಿಡಿದ ಸ್ಕ್ರೂಗಳು ತಿರುಗುವುದಿಲ್ಲ; ಕೊರೆದೇ ತೆಗೆಯಬೇಕು. ಕಿತ್ತ ತುಂಡು ಎಷ್ಟೇ ಪುಡಿಪುಡಿಯಾಗಿದ್ದರೂ ಒಲೆಗೆ ಹಾಕುವಂತಿಲ್ಲ, ಹೊಸದಕ್ಕೆ ಅದೇ ಅಳತೆ. ಚಕ್ರದ ಮೇಲಿನ ಕಮಾನು ಒಂದೇ ಮರದ್ದಲ್ಲ, ಬೆರಳಿಗೆ ಬೆರಳು ಹೆಣೆದಂತೆ ಕೂಡಿಸಿದ ತುಂಡುಗಳದ್ದು. ಈಗ ಕಡೆದು ಸಿದ್ಧಪಡಿಸಿದ ಚೌಕಟ್ಟುಗಳೇ ಮಾರಾಟಕ್ಕಿವೆ. ಆದರೂ ಯಾವುದೂ ನೇರವಾಗಿ ಹೋಗಿ ಕೂರುವುದಿಲ್ಲ, ಏಕೆಂದರೆ 60 ವರ್ಷ ಓಡಿದ ಯಾವ ಎರಡು ಕಾರುಗಳೂ ಒಂದೇ ಅಳತೆಯಲ್ಲಿ ಉಳಿದಿರುವುದಿಲ್ಲ.

ನನಗೆ ಹಿಡಿಸಿದ ಘಟ್ಟ ಅಂಟಿಗೆ ಮುಂಚಿನದು. ಇಡೀ ಚೌಕಟ್ಟನ್ನು ಅಂಟಿಲ್ಲದೆ ಸುಮ್ಮನೆ ಜೋಡಿಸಿ, ಹಿಂಬಾಗಿಲು ನೇತುಹಾಕಿ, ಮುಚ್ಚಿ ನೋಡುತ್ತಾರೆ. ಸಂದು ಮೇಲಿಂದ ಕೆಳಗೆ ಒಂದೇ ಸಮನಿಲ್ಲದಿದ್ದರೆ ಮತ್ತೆ ಬಿಚ್ಚು, ಮತ್ತೆ ಹತ್ತರಿ ಹಿಡಿ. ಒಪ್ಪಿಗೆಯಾದ ಮೇಲಷ್ಟೇ ಅಂಟು ಮತ್ತು ತುಕ್ಕು ಹಿಡಿಯದ ಸ್ಕ್ರೂ. ಕೊಯ್ದ ತುದಿಗಳು ಹೀರುಕೊಳವೆಯಂತೆ ನೀರೆಳೆಯುವುದರಿಂದ ಅವನ್ನು ಮೊದಲೇ ಔಷಧದಲ್ಲಿ ನೆನೆಸಿರಬೇಕು.

ಮರವೇ ಈಗ ಚಿಂತೆ. ಪೂರ್ವ ಏಷ್ಯಾದಿಂದ ಯುರೋಪಿಗೆ ಬಂದ ಶಿಲೀಂಧ್ರರೋಗವೊಂದು 2012ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾಯಿತು. ಅಲ್ಲಿನ ಆಶ್ ಮರಗಳಲ್ಲಿ ಬಹುಪಾಲು ಅದಕ್ಕೆ ಬಲಿಯಾಗಬಹುದೆಂಬ ಅಂದಾಜಿದೆ. ಇರುವ ಚೌಕಟ್ಟನ್ನು ಉಳಿಸಿಕೊಳ್ಳುವವರು ಚಳಿಗಾಲಕ್ಕೆ ಮುಂಚೆ ಒಂದು ಒಣ ದಿನ ನೋಡಿ, ಕಿಟಕಿಯ ಉಣ್ಣೆಪಟ್ಟಿ ಕಿತ್ತು ಬಿಸಿಲಿಗಿಟ್ಟು, ಬಿರುಕು ಕಂಡಲ್ಲೆಲ್ಲ ವಾರ್ನಿಷ್ ಮುಟ್ಟಿಸುತ್ತಾ ಕಾರಿನ ಸುತ್ತ ಮಂಡಿಯೂರಿ ಒಂದು ಪ್ರದಕ್ಷಿಣೆ ಹಾಕುತ್ತಾರೆ.