ಹಾಡೂ ಫೈಲೂ ಒಂದೇ ಸಿಡಿಯಲ್ಲಿದ್ದಾಗ

ಕೆಲವು ಸಿಡಿಗಳಲ್ಲಿ ಹಾಡುಗಳ ಜೊತೆ ಕಂಪ್ಯೂಟರ್ ಫೈಲುಗಳೂ ಇರುತ್ತವೆ. ಇಂಥದ್ದನ್ನು ಡ್ರೈವಿಗೆ ಹಾಕಿದರೆ ಒಮ್ಮೆ ಫೈಲುಗಳು ಮಾತ್ರ ಕಾಣುತ್ತವೆ, ಹಾಡು ಎಲ್ಲೂ ಇಲ್ಲ. ಇನ್ನೊಮ್ಮೆ ಹಾಡು ಕೇಳಿಸುತ್ತದೆ, ಜೊತೆಗಿರಬೇಕಾದ ವಿಡಿಯೋ ಸಿಗುವುದಿಲ್ಲ. ಹೆಚ್ಚಿನವರು ಮೊದಲು ಡ್ರೈವನ್ನು ದೂರುತ್ತಾರೆ, ಆಮೇಲೆ ಸಿಡಿಯನ್ನು. ಅನೇಕ ಸಲ ಎರಡೂ ಸರಿಯಾಗಿಯೇ ಇರುತ್ತವೆ. ಸಿಡಿಯಲ್ಲಿ ಹಾಡು ಎಲ್ಲಿದೆ, ಫೈಲು ಎಲ್ಲಿದೆ ಎಂಬುದನ್ನು ಮೊದಲು ಪತ್ತೆಮಾಡಬೇಕು. ಉಪಾಯವೆಲ್ಲ ಅದರ ಮೇಲೆ ನಿಂತಿದೆ.

ಫಿಲಿಪ್ಸ್ ಮತ್ತು ಸೋನಿ 1980ರಲ್ಲಿ ಸಿಡಿಯ ಮೊದಲ ನಿಯಮಾವಳಿ ರೂಪಿಸಿದ್ದು ಸಂಗೀತಕ್ಕಾಗಿ. ಒಂದು ಸೆಕೆಂಡಿನ ಹಾಡು ಸೆಕ್ಟರು ಎಂಬ 75 ತುಣುಕುಗಳಲ್ಲಿ ಕೂರುತ್ತದೆ, ಒಂದೊಂದರಲ್ಲೂ 2352 ಬೈಟ್ ಬರೀ ಧ್ವನಿ. ಅಲ್ಲಿ ಫೈಲಿನ ಹೆಸರಿಲ್ಲ, ಫೋಲ್ಡರಿಲ್ಲ. ಆಮೇಲೆ ಬಂದ ಡೇಟಾ ಸಿಡಿ ಅದೇ ಅಳತೆಯ ಸೆಕ್ಟರನ್ನು ಬಳಸಿಕೊಂಡಿತು. ಆದರೆ ಸಾಮಾನ್ಯವಾಗಿ ಅದರಲ್ಲಿ 2048 ಬೈಟ್ ಮಾತ್ರ ಫೈಲಿಗೆ, ಉಳಿದದ್ದು ವಿಳಾಸಕ್ಕೆ ಮತ್ತು ತಪ್ಪು ತಿದ್ದುವುದಕ್ಕೆ. ವಿಂಡೋಸ್‌ನಲ್ಲಿ ಆಡಿಯೋ ಸಿಡಿ ತೆರೆದಾಗ ‘ಟ್ರ್ಯಾಕ್01.ಸಿಡಿಎ’ ಎಂದು ಸಾಲಾಗಿ ಕಾಣುವುದು ಹಾಡಿನ ಫೈಲಲ್ಲ. 44 ಬೈಟ್‌ನ ಆ ಚೀಟಿಯಲ್ಲಿ ಹಾಡು ಎಲ್ಲಿಂದ ಶುರು, ಎಷ್ಟು ಉದ್ದ ಎಂಬ ವಿವರ ಮಾತ್ರ ಇರುತ್ತದೆ. ಅದನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿಕೊಂಡು ಹೋದರೆ ಕಾರಿನಲ್ಲಿ ಏನೂ ಕೇಳಿಸದು.

ಮಿಶ್ರ ಸಿಡಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಮಿಕ್ಸ್ಡ್ ಮೋಡ್: ಮೊದಲ ಟ್ರ್ಯಾಕ್ ಡೇಟಾ, ಎರಡರಿಂದ ಮುಂದಕ್ಕೆ ಹಾಡು. 1996ರಲ್ಲಿ ಬಂದ ಕ್ವೇಕ್ ಆಟದ ಸಿಡಿ ಹೀಗಿತ್ತು. ಇಂಥದ್ದನ್ನು ಹಳೆಯ ಮ್ಯೂಸಿಕ್ ಪ್ಲೇಯರಿಗೆ ಹಾಕಿದರೆ ಮೊದಲ ಟ್ರ್ಯಾಕ್ ಕರ್ಕಶವಾಗಿ ಕಿರುಚಬಹುದು, ಸ್ಪೀಕರಿಗೂ ಅದು ಒಳ್ಳೆಯದಲ್ಲ. ಆ ತೊಂದರೆ ತಪ್ಪಿಸಲೆಂದೇ 1995ರಲ್ಲಿ ಸಿಡಿ ಎಕ್ಸ್‌ಟ್ರಾ ಎಂಬ ಎರಡನೆಯ ಬಗೆಗೆ ನಿಯಮ ಬಂತು. ಇದರಲ್ಲಿ ಹಾಡುಗಳದ್ದೇ ಒಂದು ಸೆಷನ್, ಎಂದರೆ ತನ್ನದೇ ಪರಿವಿಡಿ ಇರುವ ಭಾಗ. ಅದು ಮುಗಿದ ಮೇಲೆ ಬೇರೆ ಪರಿವಿಡಿಯೊಂದಿಗೆ ಡೇಟಾದ ಇನ್ನೊಂದು ಸೆಷನ್. ಮ್ಯೂಸಿಕ್ ಪ್ಲೇಯರ್ ಮೊದಲ ಪರಿವಿಡಿ ಓದಿ ಅಲ್ಲಿಗೇ ನಿಲ್ಲುತ್ತದೆ. ಕಂಪ್ಯೂಟರ್ ಮುಂದಿನದನ್ನೂ ಹುಡುಕಬೇಕು.

ಎರಡು ಸೆಷನ್‌ಗಳ ನಡುವೆ 11,400 ಸೆಕ್ಟರುಗಳ ಅಂತರವಿರುತ್ತದೆ, ಎಂದರೆ ಸುಮಾರು ಎರಡೂವರೆ ನಿಮಿಷದಷ್ಟು ಜಾಗ. ಸಿಡಿಯನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ಹೊರ ಅಂಚಿನ ಕಡೆ ನೋಡಿ. ಮಿನುಗುವ ಮೈಯಲ್ಲಿ ಒಂದು ತೆಳು ಉಂಗುರ, ಅದರಾಚೆ ಮತ್ತೊಂದು ಪಟ್ಟೆ ಕಂಡರೆ ಅದು ಬಹುತೇಕ ಎಕ್ಸ್‌ಟ್ರಾ. ಖಾತ್ರಿಯಾಗಬೇಕಾದರೆ ವಿಂಡೋಸ್‌ನಲ್ಲಿ ಐಸೋಬಸ್ಟರ್, ಲಿನಕ್ಸ್‌ನಲ್ಲಿ ಸಿಡಿ-ಇನ್ಫೋ ಓಡಿಸಿ. ಸೆಷನ್, ಟ್ರ್ಯಾಕ್ ಎಲ್ಲವನ್ನೂ ಬಿಡಿಸಿ ತೋರಿಸುತ್ತವೆ. ಎಂಪಿ3 ಸಿಡಿಯನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ಅದರಲ್ಲಿ ಹಾಡೇ ತುಂಬಿದ್ದರೂ ಅದು ಅಪ್ಪಟ ಡೇಟಾ ಸಿಡಿ.

ಮಿಕ್ಸ್ಡ್ ಮೋಡ್ ಸಿಡಿಯಲ್ಲಿ ಫೈಲು ಸುಲಭವಾಗಿ ತೆರೆಯುತ್ತದೆ, ಕೈಕೊಡುವುದು ಹಾಡು. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಹುಡುಕಬೇಡಿ. ವಿಎಲ್‌ಸಿ ಪ್ಲೇಯರಿನಲ್ಲಿ ‘ಆಡಿಯೋ ಸಿಡಿ’ ಆರಿಸಿ ಎರಡನೆಯ ಟ್ರ್ಯಾಕಿನಿಂದ ನುಡಿಸಿ. ಹಳೆಯ ಆಟದಲ್ಲಿ ಗುಂಡಿನ ಸದ್ದು ಕೇಳಿಸಿ ಸಂಗೀತ ಮಾತ್ರ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಒಳಗೆ ನೋಡಬೇಕು. ಆಗಿನ ಡ್ರೈವ್‌ಗಳಲ್ಲಿ ಸಿಡಿಯ ಹಾಡು ನಾಲ್ಕು ಪಿನ್ನಿನ ಸಣ್ಣ ತಂತಿಯ ಮೂಲಕ ನೇರವಾಗಿ ಸೌಂಡ್ ಕಾರ್ಡಿಗೆ ಹೋಗುತ್ತಿತ್ತು. ಆ ತಂತಿ ಕಳಚಿದ್ದರೆ ಸಂಗೀತವೂ ಇಲ್ಲ. ಯುಎಸ್‌ಬಿ ಡ್ರೈವಿಗೆ ಆ ತಂತಿಯೇ ಇರುವುದಿಲ್ಲ, ಹಾಡನ್ನು ಡಿಜಿಟಲ್ ರೂಪದಲ್ಲೇ ಓದಬೇಕು. ಹಳೆಯ ವಿಂಡೋಸ್‌ನಲ್ಲಿ ಇದಕ್ಕಾಗಿ ಡಿವೈಸ್ ಮ್ಯಾನೇಜರ್‌ನಲ್ಲಿ, ಡ್ರೈವಿನ ಪ್ರಾಪರ್ಟೀಸ್ ಒಳಗೆ, ಟಿಕ್ ಮಾಡುವ ಒಂದು ಚೌಕವಿದೆ.

ಸಿಡಿ ಎಕ್ಸ್‌ಟ್ರಾದಲ್ಲಿ ಕಥೆ ತಿರುವುಮುರುವು: ಹಾಡು ಕೇಳುತ್ತದೆ, ಫೈಲು ಕಾಣೆ. ಸಿಡಿಯನ್ನು ಒಳಗಿನಿಂದ ಹೊರಕ್ಕೆ ಓದುವುದರಿಂದ ಡೇಟಾ ಹೊರ ಅಂಚಿನ ಕಡೆ ಬೀಳುತ್ತದೆ. ಬೆರಳಿನ ಎಣ್ಣೆ, ಗೀರು ಹೆಚ್ಚಾಗಿ ತಗಲುವ ಜಾಗವೂ ಅದೇ. ಹಾಡಿನಲ್ಲಿ ಒಂದು ಚೂರು ಓದಲಾಗದಿದ್ದರೆ ಪ್ಲೇಯರ್ ಅಕ್ಕಪಕ್ಕದ ಧ್ವನಿ ನೋಡಿ ಅಂದಾಜಿನಿಂದ ತುಂಬಿಕೊಳ್ಳುತ್ತದೆ, ಕಿವಿಗೆ ಗೊತ್ತಾಗುವುದಿಲ್ಲ. ಫೈಲಿನಲ್ಲಿ ಅಂದಾಜು ನಡೆಯುವುದಿಲ್ಲ. ಹಾಗಾಗಿ ಹಾಡು ಚೆನ್ನಾಗಿ ಬರುತ್ತಿದೆ ಎಂದ ಮಾತ್ರಕ್ಕೆ ಸಿಡಿ ಪೂರ್ತಿ ಚೆನ್ನಾಗಿದೆ ಎನ್ನಲಾಗದು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಉಜ್ಜಬೇಡಿ. ಆಮೇಲೆ ಇನ್ನೊಂದು ಡ್ರೈವಿನಲ್ಲಿ ಹಾಕಿ ನೋಡಿ; ಕೊನೆಯ ಸೆಷನ್ ಹುಡುಕುವುದರಲ್ಲಿ ಎಲ್ಲ ಡ್ರೈವ್‌ಗಳೂ ಒಂದೇ ಸಮ ಅಲ್ಲ. ಲಿನಕ್ಸ್‌ನಲ್ಲಿ ‘ಬ್ಯಾಡ್ ಸೂಪರ್‌ಬ್ಲಾಕ್’ ಎಂದು ಬಂದರೆ ಗಾಬರಿ ಬೇಡ, ಹಾಡಿನ ಸಿಡಿಯನ್ನು ಮೌಂಟ್ ಮಾಡಲು ಹೋದರೂ ಅದೇ ಸಂದೇಶ ಬರುತ್ತದೆ. ಮೌಂಟ್ ಆದೇಶಕ್ಕೆ ಸೆಷನ್ ಸಂಖ್ಯೆ ಸೇರಿಸಿ ಮತ್ತೆ ಪ್ರಯತ್ನಿಸಿ.

ಇಷ್ಟೆಲ್ಲ ಮಾಡಿದರೂ ಸಿಡಿ ಓದದಿದ್ದರೆ ದೋಷ ಬೇಕೆಂದೇ ಇಟ್ಟದ್ದೂ ಇರಬಹುದು. 2000ರ ದಶಕದ ಮೊದಲ ವರ್ಷಗಳ ಕೆಲವು ವಿದೇಶಿ ಆಲ್ಬಮ್‌ಗಳು ಬೇಕೆಂದೇ ಕಂಪ್ಯೂಟರಿಗೆ ಓದಲಾಗದಂತೆ ತಯಾರಾದವು. ನಕಲು ತಡೆಯಲು ಅವುಗಳ ಎರಡನೆಯ ಸೆಷನ್‌ನಲ್ಲಿ ತಪ್ಪು ಪರಿವಿಡಿ ಇಟ್ಟಿದ್ದರು. ಸೋನಿ ಬಿಎಂಜಿಯ ಕೆಲವು ಸಿಡಿಗಳಂತೂ ಎಕ್ಸ್‌ಸಿಪಿ ಎಂಬ ತಂತ್ರಾಂಶವನ್ನು ವಿಂಡೋಸ್‌ನೊಳಗೆ ಅಡಗಿಸಿಡುತ್ತಿದ್ದವು. 2005ರ ಅಕ್ಟೋಬರ್ 31ರಂದು ವಿಂಡೋಸ್ ತಜ್ಞ ಮಾರ್ಕ್ ರುಸಿನೋವಿಚ್ ಅದನ್ನು ಬಯಲಿಗೆಳೆದ ಮೇಲೆ ಕಂಪನಿ ಆ ಸಿಡಿಗಳನ್ನು ವಾಪಸ್ ಪಡೆಯಬೇಕಾಯಿತು. ದುಡ್ಡು ಕೊಟ್ಟು ಕೊಂಡವರ ಕಂಪ್ಯೂಟರಿಗೇ ಹೀಗೆ ಕೈಹಾಕಿದ್ದು ದೊಡ್ಡ ಅನ್ಯಾಯ. ಅಂಥ ಸಿಡಿ ಸಿಕ್ಕರೆ ಆಟೋಪ್ಲೇ ನಿಲ್ಲಿಸಿಯೇ ಹಾಕಿ.

ಸಿಡಿ ಒಮ್ಮೆ ಓದಿಸಿಕೊಂಡಿತೆಂದರೆ ತಡಮಾಡದೆ ನಕಲು ಮಾಡಿಡಿ. ಮಿಕ್ಸ್ಡ್ ಮೋಡ್ ಆದರೆ ಐಎಸ್‌ಒ ಎಂಬ ಒಂಟಿ ನಕಲು ಫೈಲು ಸಾಲದು, ಅದರಲ್ಲಿ ಹಾಡು ಸೇರುವುದಿಲ್ಲ. ಬಿನ್ ಮತ್ತು ಕ್ಯೂ ಎಂಬ ಜೋಡಿ ಫೈಲು ಬೇಕು. ಎಕ್ಸ್‌ಟ್ರಾ ಆದರೆ ಹಾಡುಗಳನ್ನು ಬೇರೆಯಾಗಿ ರಿಪ್ ಮಾಡಿ, ಫೈಲುಗಳನ್ನು ಸೀದಾ ಒಂದು ಫೋಲ್ಡರಿಗೆ ಕಾಪಿ ಮಾಡಿ. ಎರಡನೆಯ ಸೆಷನ್‌ನ ವಿಳಾಸಗಳೆಲ್ಲ ಸಿಡಿಯ ಆರಂಭದಿಂದ ಎಣಿಸಿದವು, ಅದೊಂದನ್ನೇ ಕತ್ತರಿಸಿ ಐಎಸ್‌ಒ ಮಾಡಿಟ್ಟರೆ ಮುಂದೆ ತೆರೆಯದೇ ಹೋಗಬಹುದು.