ಕಾಮಾಲೆಯೆಂಬ ಮಾತು

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿಯೆಂಬ ಗಾದೆಯನ್ನು ತರಗತಿಯಲ್ಲಿ ವಿವರಿಸುವ ಪ್ರಸಂಗ ಕನ್ನಡ ಅಧ್ಯಾಪಕನಾದ ನನಗೆ ಆಗಾಗ ಒದಗುತ್ತದೆ. ಗಾದೆ ಸೊಗಸಾದುದೇ. ಆದರೆ ಕಾಮಾಲೆಯೆಂದೊಡನೆ ಹಳದಿಯನ್ನಷ್ಟೇ ನೆನೆಯುವ ನಮ್ಮ ಅಭ್ಯಾಸ ಅಷ್ಟು ನಿರಪಾಯಕರವಲ್ಲ.

ಚಿಕ್ಕಬಳ್ಳಾಪುರದ ಸೀಮೆ ಎರಡು ನುಡಿಗಳ ನೆಲ. ಕನ್ನಡದ ಮನೆಗಳಲ್ಲಿ ಇದು ಅರಿಶಿನ ಕಾಮಾಲೆ. ಗೌರಿಬಿದನೂರು, ಚಿಂತಾಮಣಿಗಳ ತೆಲುಗು ಮನೆಗಳಲ್ಲಿ ಪಚ್ಚಕಾಮೆರ್ಲು. ಎರಡು ಹೆಸರುಗಳಲ್ಲಿಯೂ ಬಣ್ಣವೇ ಮುಂದು. ಚರಕಸಂಹಿತೆಯ 'ಕಾಮಲಾ' ಶಬ್ದಕ್ಕೆ ಸಂಬಂಧಿಸಿದ ಈ ಮಾತು ಸೂಚಿಸುವುದು ಒಂದು ಲಕ್ಷಣವನ್ನು. ಅದರ ಹಿಂದಿರಬಹುದಾದ ವೈರಾಣುಗಳೋ ಐದು ಬಗೆ: ಎ, ಬಿ, ಸಿ, ಡಿ, ಇ.

ಎ ಮತ್ತು ಇ ಮಲಿನವಾದ ನೀರು, ಆಹಾರಗಳಿಂದ ಬರುತ್ತವೆ. ನಲ್ಲಿಯ ಕೊಳವೆ ಚರಂಡಿಯ ಬಳಿ ಒಡೆದರೆ ಕೇರಿಯೇ ಹಾಸಿಗೆ ಹಿಡಿಯಬಹುದು. ಇ ಬಗೆಯದು ಗರ್ಭಿಣಿಯರಿಗೆ ಪ್ರಾಣಾಂತಕವಾಗಬಲ್ಲದು. ಉಳಿದವರಲ್ಲಿ ಈ ಎರಡೂ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾವಾಗಿಯೇ ಗುಣವಾಗುತ್ತವೆ. ಆ ವಾರಗಳಲ್ಲಿ ಕುಡಿದ ನೆಲನೆಲ್ಲಿಯ ರಸಕ್ಕೆ ಕೀರ್ತಿ ಬರುತ್ತದೆ. ಆ ಕೀರ್ತಿಯನ್ನು ನಂಬಿ ಬಿ, ಸಿ ಬೇನೆಯವರೂ ಅದನ್ನೇ ಆಶ್ರಯಿಸಿ ಕಾಲ ಕಳೆಯುವುದು ಅನರ್ಥಕ್ಕೆ ಮೂಲ.

ಏಕೆಂದರೆ ಬಿ, ಸಿಗಳ ನಡೆ ಬೇರೆ. ಹಳದಿಯನ್ನು ತೋರದೆಯೇ ಅವು ಹತ್ತಾರು ವರ್ಷ ಒಳಗಿದ್ದು, ಯಕೃತ್ತನ್ನು ಗಟ್ಟಿಗೊಳಿಸಿ, ಕೆಲವರಲ್ಲಿ ಕ್ಯಾನ್ಸರಿಗೂ ಕಾರಣವಾಗಬಲ್ಲವು. ಒಬ್ಬರಿಗೆ ಬಳಸಿದ ಸೂಜಿ, ಕ್ಷೌರದ ಬ್ಲೇಡು, ಜಾತ್ರೆಯ ಹಚ್ಚೆಯ ಸೂಜಿ, ಪರೀಕ್ಷಿಸದ ರಕ್ತ, ದೇಹಸಂಪರ್ಕ, ಹೆರಿಗೆಯಲ್ಲಿ ತಾಯಿಯಿಂದ ಮಗು: ಇವು ಅವುಗಳ ಹಾದಿ. ಒಟ್ಟಿಗೆ ಉಣ್ಣುವುದರಿಂದ, ಕೈಹಿಡಿಯುವುದರಿಂದ ಅವು ಅಂಟವು. ರೋಗಿಯನ್ನು ದೂರವಿಡುವುದು ಅನ್ಯಾಯ. 2022ರಲ್ಲಿ ಭಾರತದಲ್ಲಿ 2.98 ಕೋಟಿ ಜನರಲ್ಲಿ ಬಿ, 55 ಲಕ್ಷ ಜನರಲ್ಲಿ ಸಿ ಇದ್ದುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಕಾಣದ ಬೇನೆಯನ್ನು ಅರಿಯುವ ವಿವೇಕ ನಮಗೆ ಹೊಸದಲ್ಲ. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರನ್ನು ಕೇಳಿ. ಹುಳುವಿನ ಗಂಟುರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆ. ಆದುದರಿಂದಲೇ ಬಿತ್ತನೆ ಕೋಠಿಗಳಲ್ಲಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ ಮೇಲೆಯೇ ಮೊಟ್ಟೆಯನ್ನು ಕೊಡುತ್ತಾರೆ. ಹುಳುವಿಗೆ ತೋರುವ ಈ ಎಚ್ಚರ ನಮ್ಮ ಹೆಣ್ಣುಮಕ್ಕಳಿಗೆ, ಕೂಸುಗಳಿಗೆ ಬೇಡವೆ? ಗರ್ಭಿಣಿಯ ರಕ್ತಪರೀಕ್ಷೆ ಮಾಡಿಸಿ, ಹುಟ್ಟಿದ ಇಪ್ಪತ್ತನಾಲ್ಕು ಗಂಟೆಗಳೊಳಗೆ ಮಗುವಿಗೆ ಬಿ ಲಸಿಕೆ ಹಾಕಿಸಿ, ಮುಂದಿನ ಲಸಿಕೆಗಳನ್ನೂ ತಪ್ಪಿಸದಿದ್ದರೆ ಮಗುವಿಗೆ ಬೇನೆ ತಗಲುವ ಸಂಭವ ಬಹಳ ಕಡಿಮೆಯಾಗುತ್ತದೆ.

ಬಿ ಬೇನೆಯನ್ನು ಮಾತ್ರೆಗಳಿಂದ ಹತೋಟಿಯಲ್ಲಿಡಬಹುದು. 1989ರಲ್ಲಿ ಪತ್ತೆಯಾದ ಸಿ, ಇಂದು ಸುಮಾರು ಹನ್ನೆರಡು ವಾರಗಳ ಮಾತ್ರೆಗಳಿಂದ ಬಹುತೇಕ ಎಲ್ಲರಲ್ಲಿಯೂ ವಾಸಿಯಾಗುತ್ತದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ.

ಹಳೆಯ ಮಾತನ್ನು ಬಿಡಬೇಕೆಂದು ಕನ್ನಡದ ಮೇಷ್ಟ್ರಾದ ನಾನು ಹೇಳಲಾರೆ. ಅದರ ಅರ್ಥವನ್ನು ಹಿಗ್ಗಿಸಿಕೊಳ್ಳೋಣ. ಕಣ್ಣು ಬೆಳ್ಳಗಿದೆಯೆಂದು ನಿಶ್ಚಿಂತರಾಗದೆ ಒಮ್ಮೆ ರಕ್ತವನ್ನು ಪರೀಕ್ಷಿಸಿಕೊಳ್ಳೋಣ.