ಸೇಬಿಗೆ ಮನೆ ಬದಲಿಸಿದ ನೊಣ

ಮಾವಿನ ಹಣ್ಣು ಕೊಯ್ದಾಗ ಒಳಗೆ ಬಿಳಿ ಹುಳು ಮಿಸುಕಾಡುವುದನ್ನು ನೋಡಿದ್ದೀರಲ್ಲವೇ? ಸಿಪ್ಪೆಯಲ್ಲಿ ತೂತು ಕಾಣದು. ಮತ್ತೆ ಹುಳು ಹೊಕ್ಕಿದ್ದು ಹೇಗೆ? ಹಣ್ಣಿನ ನೊಣವೊಂದು ಸಿಪ್ಪೆ ಚುಚ್ಚಿ, ಮೊಟ್ಟೆಯಿಟ್ಟು ಹೋಗಿರುತ್ತದೆ. ಅದೇ ಕುಟುಂಬದ ನೊಣವೊಂದು ಅಮೆರಿಕದಲ್ಲಿದೆ. ಅದರ ಕಥೆ ಕೇಳಿ.

ಈ ನೊಣದ ಹಳೆಯ ಮನೆ ಹಾಥಾರ್ನ್ ಎಂಬ ಮುಳ್ಳುಗಿಡ. ಅದರ ಪುಟ್ಟ ಕೆಂಪು ಹಣ್ಣುಗಳಲ್ಲೇ ನೊಣದ ಮರಿಗಳು ಬೆಳೆಯುತ್ತಿದ್ದವು. 17ನೇ ಶತಮಾನದಲ್ಲಿ ಯುರೋಪಿನಿಂದ ವಲಸೆ ಬಂದವರು ಸೇಬಿನ ಗಿಡಗಳನ್ನೂ ತಂದು ನೆಟ್ಟರು. ಸುಮಾರು ಇನ್ನೂರು ವರ್ಷ ಏನೂ ಆಗಲಿಲ್ಲ. 19ನೇ ಶತಮಾನದ ನಡುವೆ, ನ್ಯೂಯಾರ್ಕಿನ ಹಡ್ಸನ್ ಕಣಿವೆಯ ಸೇಬುಗಳಲ್ಲಿ ಹುಳು ಕಾಣಿಸಿತು. ಮುಳ್ಳುಗಿಡದ ಕೆಲವು ನೊಣಗಳು ಸೇಬಿಗೆ ಬಂದಿದ್ದವು!

ಬೆಟ್ಟವೋ ಸಮುದ್ರವೋ ಅಡ್ಡ ಬಂದರೆ ಮಾತ್ರ ಒಂದು ಜೀವಿ ಎರಡು ಜಾತಿಗಳಾಗುತ್ತದೆ ಎಂದು ಬಹುಕಾಲ ಹಲವರು ನಂಬಿದ್ದರು. ಆದರೆ ಒಂದೇ ತೋಟದಲ್ಲಿದ್ದರೂ, ಊಟ ಬೇರೆಯಾದರೆ ಕೀಟಗಳು ಬೇರೆಯಾಗಬಹುದು ಎಂದು ಬೆಂಜಮಿನ್ ವಾಲ್ಶ್ ಎಂಬ ಕೀಟ ವಿಜ್ಞಾನಿ 1860ರ ದಶಕದಲ್ಲೇ ಹೇಳಿದ್ದರು.

ಅಡ್ಡಗೋಡೆ ಇಲ್ಲದೆ ಬೇರೆಯಾಗುವುದು ಹೇಗೆ? ಮೊದಲನೆಯದು, ಇವು ಜೋಡಿಯಾಗುವುದೇ ಹಣ್ಣಿನ ಮೇಲೆ ಅಥವಾ ಅದರ ಬಳಿ. ಸೇಬಿನ ಪರಿಮಳಕ್ಕೆ ಒಲಿದವು ಸೇಬಿನ ಮರಕ್ಕೆ, ಮುಳ್ಳುಗಿಡದ ಪರಿಮಳಕ್ಕೆ ಒಲಿದವು ಅಲ್ಲಿಗೆ ಹೋಗುತ್ತವೆ. ಎರಡನೆಯದು, ಸೇಬು ಮೂರು–ನಾಲ್ಕು ವಾರ ಮೊದಲೇ ಹಣ್ಣಾಗುತ್ತದೆ. ಬೆಳೆದ ನೊಣದ ಆಯುಸ್ಸು ಸುಮಾರು ಒಂದೇ ತಿಂಗಳು. ಸೇಬಿನ ನೊಣಗಳ ಕಾಲ ಮುಗಿಯುತ್ತ ಬಂದಾಗ ಮುಳ್ಳುಗಿಡದ ನೊಣಗಳು ಮಣ್ಣಿನಿಂದ ಮೇಲೇಳುತ್ತವೆ. ಭೇಟಿಯೇ ಅಪರೂಪವಾದರೆ ಮದುವೆ ಎಲ್ಲಿಯದು?

ಹಾಗೆಂದು ನಂಟು ಪೂರ್ತಿ ಕಡಿದಿಲ್ಲ. ತಲೆಮಾರೊಂದಕ್ಕೆ ಶೇಕಡ 4ರಿಂದ 6ರಷ್ಟು ಬೆರಕೆ ನಡೆಯುತ್ತದೆಂದು ವಿಜ್ಞಾನಿಗಳ ಅಂದಾಜು. ಪ್ರಯೋಗಾಲಯದಲ್ಲಿ ಜೋಡಿ ಮಾಡಿದರೆ ಮರಿಗಳೂ ಹುಟ್ಟುತ್ತವೆ. ಆದರೆ ಆ ಬೆರಕೆ ನೊಣಗಳಲ್ಲಿ ಹೆಚ್ಚಿನವಕ್ಕೆ ಎರಡೂ ಪರಿಮಳಗಳ ಗುರುತು ಸರಿಯಾಗಿ ಹತ್ತುವುದಿಲ್ಲ. ಅಂದರೆ ಇವಿನ್ನೂ ಎರಡು ಜಾತಿಗಳಾಗಿಲ್ಲ, ಆಗುವ ದಾರಿಯಲ್ಲಿವೆ.

ಕಥೆ ಇಲ್ಲಿಗೇ ನಿಲ್ಲದು. ಈ ನೊಣದ ಮರಿಯ ಮೈಯೊಳಗೆ ಮೊಟ್ಟೆಯಿಡುವ ಒಂದು ಪುಟ್ಟ ಕಣಜವಿದೆ. ನೊಣವನ್ನು ಹಿಂಬಾಲಿಸಿ ಅದೂ ಸೇಬಿಗೆ ಬಂತು. ಈಗ ಆ ಕಣಜಗಳೂ ಸೇಬಿನವು, ಮುಳ್ಳುಗಿಡದವು ಎಂದು ಎರಡು ಬಣವಾಗುತ್ತಿವೆ. ಯಾರೋ ನೆಟ್ಟ ಸೇಬಿನ ಗಿಡ ಎಷ್ಟು ಮನೆಗಳನ್ನು ಪಾಲು ಮಾಡಿತು, ನೋಡಿ!